ಹೊಗೆಗೆ ಕಟ್ಟಿದ ಗಾಳದ ಕೋಲು

ಸೊರಬ
ಸೋಮವಾರ, 10-11-1958

ಶಿಕಾರಿಪುರದ ತಗಡಿನ ಅಂಗಡಿಯ ಯಜಮಾನರಿಗೆ ಸಲಾಮ್.

ಗಂಡನ ಹೆಸರು ಬರೆಯಬಾರದಂತೆ, ಅಮ್ಮಿ ಹೇಳುತ್ತಾಳೆ. ಲಕೋಟೆಯ ಮೇಲೆ ಅಲ್ಲಾವುದ್ದೀನ್ ಅಂತ ಬರೆಯದಿದ್ದರೆ ಪೋಸ್ಟಿನವನು ಯಾರ ಕೈಗೆ ಕೊಡಬೇಕು? ಅದಕ್ಕೇ ಹೊರಗೆ ಬರೆದಿದ್ದೇನೆ, ಈಗ ಒಳಗೂ ಒಂದು ಸಲ ಬಂದುಬಿಟ್ಟಿತು. ನಾಲ್ಕು ತಿಂಗಳಾದ ಮೇಲೆ ಇವಳಿಗೇನು ಕಾಗದ ಬರೆಯುವ ಹುಕಿ ಬಂತು ಅಂತ ಹುಬ್ಬೇರಿಸಬೇಡಿ. ನಾನು ರಾಜಿಗೆ ಬರೆಯುತ್ತಿಲ್ಲ. ನನಗೊಂದು ಗಾಳದ ಕೋಲು ಬೇಕು, ಸಣ್ಣ ಮೀನು ಹಿಡಿಯುವಂಥ ಹಗುರದ್ದು. ಅದನ್ನು ಆರಿಸಿಕೊಡಲು ನಿಮ್ಮನ್ನು ಬಿಟ್ಟರೆ ನನಗೆ ಗೊತ್ತಿರುವವರು ಯಾರೂ ಇಲ್ಲ, ಅಷ್ಟೆ.

ಇದು ಮೂರನೇ ಹಾಳೆ. ಎರಡನ್ನು ಹರಿದು ಒಲೆಗೆ ಹಾಕಿದೆ. ಅಣ್ಣ ಅಜಮತ್ ಉಲ್ಲಾ ಆಗಲೇ ಎರಡು ಸಲ ಬಂದು ಏನು ಬರೆಯುತ್ತಿದ್ದೀಯ ಅಂತ ಇಣುಕಿ ಹೋದ. ಅವನು ಉರ್ದು ಮಾತ್ರ ಓದಿದವನು. ನಾಲ್ಕನೇ ತರಗತಿಯವರೆಗೆ ನಿರ್ಮಲಮ್ಮ ಟೀಚರು ತಲೆಗೆ ಮೊಟಕಿ ಕಲಿಸಿದ ಕನ್ನಡ ಇವತ್ತು ನನ್ನ ಕೆಲಸಕ್ಕೆ ಬಂತು.

ಕೋಲು ಅಬ್ಬಾಗೆ. ಮೂವತ್ತು ವರ್ಷ ಸೂಜಿ ಹಿಡಿದ ಕೈ ಈಗ ನಡುಗುತ್ತದೆ. ಕಾಜಾ ಹೊಲಿಯಲು ಆಗುವುದಿಲ್ಲ, ಮಷೀನಿನ ಮುಂದೆ ಸುಮ್ಮನೆ ಕೂತಿರಲೂ ಆಗುವುದಿಲ್ಲ. ಬೆಳಿಗ್ಗೆ ಎದ್ದು ಕೆರೆಗೆ ಹೋಗಿಬಿಡುತ್ತಾರೆ. ಅಣ್ಣ ಎಲ್ಲಿಂದಲೋ ಗಟ್ಟಿ ಬಿದಿರಿನ ಗಳವೊಂದನ್ನು ತಂದುಕೊಟ್ಟಿದ್ದಾನೆ, ಗಾಡಿಗೆ ಊರುಗೋಲು ಕೊಡಬಹುದು ಅಂಥದ್ದು. ನಿನ್ನೆ ಬುತ್ತಿ ಕೊಡಲು ಹೋದವಳು ಏರಿಯ ಮೇಲೆ ಕೂತು ನೋಡಿದೆ. ಸಸಲು, ಗೆಂಡೆಯ ಮರಿ, ಎಲ್ಲ ಬೆರಳುದ್ದದವು. ಕಚ್ಚಿದ್ದು ಆ ದಪ್ಪ ಗಳದಲ್ಲಿ ಕೈಗೆ ಗೊತ್ತೇ ಆಗುವುದಿಲ್ಲ. ಬೆಂಡು ಮುಳುಗಿ ಎಷ್ಟೋ ಹೊತ್ತಿಗೆ ಅಬ್ಬಾ ಗಾಬರಿಯಾಗಿ ಎಳೆಯುತ್ತಾರೆ, ಪಾಪ, ಮೀನಿನ ಎಳೇ ತುಟಿ ಹರಿದು ಅದು ಅರ್ಧದಲ್ಲೇ ನೀರಿಗೆ ಬೀಳುತ್ತದೆ. ಮಧ್ಯಾಹ್ನದವರೆಗೆ ಒಂದೇ ಒಂದು ಸಿಗಲಿಲ್ಲ. ಮೀನೂ ನನ್ನನ್ನು ಮುದುಕ ಅಂತ ತಿಳಿದುಕೊಂಡಿದೆ ಮಗಳೇ ಅಂದು ನಕ್ಕರು. ನನಗೆ ನಗು ಬರಲಿಲ್ಲ ರೀ. ಬುತ್ತಿಯ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡೆ.

ಹೀಗಾಗಿ ವಾಟೆ ಬಿದಿರಿನದೇ ಆಗಬೇಕು. ಒಳಗೆಲ್ಲ ಪೊಳ್ಳು, ಗೋಡೆ ತೆಳು. ಗಿಣ್ಣು ದೂರ ದೂರ ಇರಬೇಕು, ಡೊಂಕಿರಬಾರದು. ಬುಡ ಹೆಬ್ಬೆರಳಿಗಿಂತ ದಪ್ಪ ಬೇಡ, ತುದಿ ಪೊರಕೆ ಕಡ್ಡಿಯಷ್ಟಿರಲಿ. ಬುಡ ಹಿಡಿದು ಒಂದು ಸಲ ಅಲುಗಿಸಿದರೆ ತುದಿ ಮಾತ್ರ ನಡುಗಿ ಥಟ್ಟನೆ ನಿಲ್ಲಬೇಕು. ನಡುವಿನವರೆಗೂ ಬಳುಕುವುದು ಬೇಡ. ಹಸಿಯದ್ದು ತೂಕ, ಒಣಗಿದರೆ ಸೀಳುತ್ತದೆ. ಅಮಾವಾಸ್ಯೆ ಕಡೆಗೆ ಕಡಿದದ್ದಾದರೆ ಹುಳ ಹಿಡಿಯುವುದಿಲ್ಲ. ಆಮೇಲೆ ಒಲೆಯ ಮೇಲೆ ಒಂದು ವರ್ಷ ಹೊಗೆ ಕುಡಿಯಬೇಕು.

ಇದೆಲ್ಲ ಇವಳಿಗೆ ಹೇಗೆ ಗೊತ್ತು ಅಂತೀರಾ? ನೀವು ದಿನಾ ಹೇಳುತ್ತಿದ್ದಾಗ ನಾನು ರೊಟ್ಟಿ ತಟ್ಟುತ್ತಾ ಕಿವುಡಿಯ ಹಾಗೆ ಇರುತ್ತಿದ್ದೆ. ಎಲ್ಲ ಕೇಳಿಸಿಕೊಂಡಿದ್ದೇನೆ.

ಅಂದ ಮೇಲೆ ಇನ್ನೊಂದು ಮಾತನ್ನೂ ಬರೆಯಲೇಬೇಕಾಯಿತು. ಬರೆಯಬಾರದು ಅಂತಲೇ ಎರಡು ಹಾಳೆ ಹರಿದದ್ದು. ನಮ್ಮ ಒಲೆಯ ಮೇಲೆ ನೀವು ಕಟ್ಟಿದ್ದ ಕೋಲಿನ ಬುಡವನ್ನು ಒಂದೂವರೆ ಮೊಳ ಗರಗಸದಲ್ಲಿ ಕೊಯ್ದೆನಲ್ಲ, ಊದುಗೊಳವೆಗೆ ಅಂತ ಇಟ್ಟ ವಾಟೆ ಅಂದುಕೊಂಡೆ ಅಂತ ಆಣೆ ಮಾಡಿ ಹೇಳಿದೆನಲ್ಲ, ಅದು ಸುಳ್ಳು. ಗಾಳದ ಕೋಲು ಅಂತ ಗೊತ್ತಿದ್ದೇ ಕೊಯ್ದೆ. ನನಗೆ ಮೂರು ದಿನದಿಂದ ಜ್ವರ. ನಾಲ್ಕನೇ ದಿನ ಬೆಳಿಗ್ಗೆ ನೀವು ಒಳಗೆ ಬಂದಿರಿ, ಹೊಗೆ ಎಲ್ಲ ಕಡೆ ತಾಗಲಿ ಅಂತ ಕೋಲನ್ನು ಒಂದು ಸುತ್ತು ತಿರುಗಿಸಿದಿರಿ, ಎಷ್ಟು ಹದವಾಗಿದೆ ಅಂತ ಸವರಿ ನೋಡಿದಿರಿ, ಅಂಗಡಿಗೆ ಹೋದಿರಿ. ಪಕ್ಕದಲ್ಲೇ ಮಲಗಿದ್ದವಳ ಹಣೆ ಮುಟ್ಟಲಿಲ್ಲ. ಮೈಯೆಲ್ಲ ಉರಿದುಹೋಯಿತು. ನಿಮ್ಮ ಗರಗಸವೇ ಕೈಗೆ ಸಿಕ್ಕಿತು.

ತಪ್ಪು ನನ್ನದೇ, ಒಪ್ಪಿದೆ. ಆದರೆ ನೀವು ಆಡಿದ ಮಾತು! ನಿನಗಿಂತ ಆ ಕೋಲೇ ವಾಸಿ, ಎದುರು ಮಾತಾಡುತ್ತಿರಲಿಲ್ಲ ಅಂದಿರಿ. ಹಾಗಾದರೆ ಅದರ ಕೈಲೇ ಅಡಿಗೆ ಮಾಡಿಸಿಕೊಳ್ಳಿ ಅಂತ ನಾನು ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದೆ. ಊರ ಗಡಿ ದಾಟುವವರೆಗೂ ಹಿಂದೆ ತಿರುಗಿ ನೋಡುತ್ತಿದ್ದೆ, ಸೈಕಲ್ಲಿನಲ್ಲಿ ಬರುತ್ತೀರೇನೋ ಅಂತ. ನೀವು ಬರಲಿಲ್ಲ.

ಈಗ ವಿಷಯ ಕೇಳಿ. ನಾಲ್ಕು ತಿಂಗಳಲ್ಲಿ ಒಂದು ಕಾರ್ಡೂ ಹಾಕದ ಗಂಡಸಿಗೆ ನೀನು ಬೇಡವಾಗಿದ್ದೀಯ ಅಂತ ಅಣ್ಣ ದಿನಾ ತಲೆ ತಿನ್ನುತ್ತಾನೆ. ಜಮಾತಿನ ಹಿರಿಯರಿಗೂ ಹೇಳಿಬಿಟ್ಟಿದ್ದಾನೆ. ಬರುವ ಶುಕ್ರವಾರ ನಮಾಜಾದ ಮೇಲೆ ನಮ್ಮ ಮನೆಯಲ್ಲಿ ಕೂರುತ್ತಾರೆ. ಕರೆಯಲು ಯಾರೂ ಬಾರದಿದ್ದರೆ ಸಂಬಂಧ ಬಿಡಿಸುವ ಮಾತು. ಪರದೆಯ ಹಿಂದಿನಿಂದ ನಾನು ಹೂಂ ಅನ್ನಬೇಕಂತೆ. ಅದನ್ನು ಕೇಳಿದಾಗಿನಿಂದ ನನ್ನ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಶಿಕಾರಿಪುರದ ಬಸ್ಸಿನ ಹಾರನ್ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಕಿಟಕಿಗೆ ಓಡುತ್ತೇನೆ. ಇವತ್ತು ಬೆಳಿಗ್ಗೆ ಹಾಲು ಉಕ್ಕಿಹೋಯಿತು, ಅಮ್ಮಿಯ ಕೈಲಿ ಬೈಸಿಕೊಂಡೆ.

ನಾನು ಕರೆಯದೆ ಬರುವವಳಲ್ಲ, ಅದು ನಿಮಗೂ ಗೊತ್ತು. ಆದರೆ ಬರುವ ಮನಸ್ಸಿದೆ. ನಿಮ್ಮ ಕೆಮ್ಮು, ಕಾಲಿನ ಧೂಳು, ಬೆಸುಗೆಯ ವಾಸನೆ ಎಲ್ಲದರ ನೆನಪಾಗುತ್ತದೆ. ಹಾಂ, ಬರೆದುಬಿಟ್ಟೆ. ಇನ್ನು ಈ ಹಾಳೆಯನ್ನು ಹರಿಯುವುದಿಲ್ಲ. ಕೋಲು ತರುವ ನೆಪಕ್ಕಾದರೂ ಗುರುವಾರದ ಬಸ್ಸಿಗೆ ಬನ್ನಿ. ಅಬ್ಬಾ ಎದುರಿಗೆ ನೀವು ಏನೂ ಹೇಳಬೇಕಾಗಿಲ್ಲ, ಬಾಗಿಲಲ್ಲಿ ನಿಂತರೆ ಸಾಕು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಕೊನೆಯಲ್ಲಿ ನಿಮ್ಮವಳು ಅಂತ ಬರೆಯಬೇಕೋ ಬೇಡವೋ ಶುಕ್ರವಾರ ಗೊತ್ತಾಗುತ್ತದೆ. ಸದ್ಯಕ್ಕೆ,

ಸರ್ವರ್ ಬೀ

ಮರೆತಿದ್ದೆ: ಲಕೋಟೆಯಲ್ಲಿ ಒಂದು ತುಂಡು ಕೆಂಪು ದಾರ ಇದೆ, ಬೀಳಿಸಬೇಡಿ. ಕೊಯ್ದ ಬುಡವನ್ನು ನಾನು ಸೌದೆಗೂ ಹಾಕಲಿಲ್ಲ, ಊದಲೂ ಇಲ್ಲ. ಅವತ್ತು ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟು ತಂದೆ. ಇಲ್ಲಿ ಅಮ್ಮಿಯ ಒಲೆಯ ಮೇಲೆ ಕಟ್ಟಿದ್ದೇನೆ, ದಿನಾ ಬೆಳಿಗ್ಗೆ ಒಂದು ಸುತ್ತು ತಿರುಗಿಸುತ್ತೇನೆ. ಉಳಿದ ಕೋಲು ನಮ್ಮ ಒಲೆಯ ಮೇಲೆ ಇನ್ನೂ ಹಾಗೇ ಇದೆ ಅಂತ ಲಾಟೀನು ರಿಪೇರಿಗೆ ಅಂತ ಮನೆಯವರೆಗೂ ಬಂದಿದ್ದ ಇಲ್ಲಿನ ಉಜ್ಜಪ್ಪನವರು ಹೇಳಿದರು. ನೀವೂ ಅದನ್ನು ಬಿಸಾಕಲಿಲ್ಲ. ಆ ದಾರ ಬುಡವನ್ನು ಕೊಯ್ದ ಜಾಗದ ಸುತ್ತಳತೆ. ಅದಕ್ಕೆ ಸರಿಯಾಗಿ ತಗಡಿನ ಒಂದು ಕೊಳವೆ ಬೆಸೆದು ತನ್ನಿ, ಎರಡನ್ನೂ ಅದರಲ್ಲಿ ತೂರಿಸಿದರೆ ಕೋಲು ಮತ್ತೆ ಒಂದಾಗುತ್ತದೆ. ಅದನ್ನು ಅಬ್ಬಾಗೆ ಕೊಟ್ಟುಬಿಡೋಣ. ನಿಮಗೆ ಮುಂದಿನ ತಿಂಗಳ ಅಮಾವಾಸ್ಯೆಗೆ ಬೇರೆ ವಾಟೆ ಕಡಿದುಕೊಳ್ಳಿ, ಒಲೆಯ ಮೇಲೆ ನಾನೇ ಕಟ್ಟುತ್ತೇನೆ.