ಒಂದು ಮರಳುದಿಬ್ಬಕ್ಕೆ ಎರಡು ಆಕಾಶದ ದರ

ಮಾಮಾ,

ನೀವು ಹೋದ ಮೇಲೆ ನಿಮ್ಮ ನಕಾಶೆಯ ಕೆಲಸ ನನ್ನ ತಲೆಗೆ ಬಂದಿದೆ. ನೆನಪಿದೆಯಾ, ಪ್ರತಿವರ್ಷ ನೆರೆ ಇಳಿದ ಮೇಲೆ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ, ಗಂಗೆ ಎಲ್ಲೆಲ್ಲಿ ಮರಳು ಬಿಟ್ಟುಹೋಗಿದ್ದಾಳೆಂದು ನಡೆದು ನೋಡಿ ಗೆರೆ ಎಳೆಯುತ್ತಿದ್ದಿರಿ? ಕರಬೂಜ ಬೆಳೆಯುವವರು ಆ ಗೆರೆ ನೋಡಿಯೇ ಮರಳು ಹಂಚಿಕೊಳ್ಳುತ್ತಿದ್ದರು. ನನಗೆ ನಿಮ್ಮ ಕಣ್ಣಿಲ್ಲ. ಆಕಾಶದಿಂದಲೇ ಚಿತ್ರ ತರಿಸೋಣ ಎಂದುಕೊಂಡೆ.

ನಿಮಗೆ ಮೊದಲ ಹಣ್ಣು ತಂದುಕೊಡುತ್ತಿದ್ದಳಲ್ಲ ಸುಖದೇಯಿ ಕಾಕಿ, ಈ ಸಲ ಅವಳ ಪಾಲಿನ ಮರಳು ಪೂರ್ತಿ ಕೊಚ್ಚಿಹೋಯಿತು. "ಬಬುವಾ, ಗಂಗಾ ಮೈಯಾ ನನ್ನ ಮರಳು ಹೊತ್ಕೊಂಡು ಹೋದ್ಳು. ಎಲ್ಲಿಟ್ಟಿದ್ದಾಳೆ ಅಂತ ನಿನ್ನ ಆಕಾಶದವರು ಹೇಳ್ತಾರೇನು?" ಎಂದು ನಕ್ಕಳು. ಬಿತ್ತನೆಯ ಹೊತ್ತು ಮೀರಿದರೆ ಅವಳಿಗೆ ಈ ವರ್ಷ ಬೆಳೆಯೇ ಇಲ್ಲ.

ದರ ವಿಚಾರಿಸಿದೆ. ಅವ್ವ ಹೇಳುತ್ತಿದ್ದ ಕಥೆಗಳಲ್ಲೂ ಇಂಥ ಅಂಗಡಿ ಇರಲಿಲ್ಲ ಮಾಮಾ! ಉಪಗ್ರಹದ ಹಳೆಯ ಚಿತ್ರ ಸಂಜೆಯ ಸೊಪ್ಪಿನ ಹಾಗೆ ಅಗ್ಗ, ಹೊಸದು ದುಬಾರಿ. ಅದೂ ನಮ್ಮ ದಿಬ್ಬವೊಂದನ್ನೇ ಕೊಡುವುದಿಲ್ಲವಂತೆ. ಕೊಂಡರೆ ಸುತ್ತಲಿನ ಊರು, ಹೊಳೆ ಎಲ್ಲ ಸೇರಿಸಿಯೇ ಕೊಳ್ಳಬೇಕು. ಭೇಲೂಪುರದ ಮನೆಯಲ್ಲಿ ಅತ್ತೆಗೆ ಹೇಳಿದೆ. "ಅಲ್ಲೋ, ಒಂದು ರೊಟ್ಟಿ ಬೇಕಂದ್ರ ಇಡೀ ಬುಟ್ಟಿ ತಗೋಬೇಕೇನು? ನಿಮ್ಮ ಮಾಮಾ ಇದ್ದಿದ್ರ ಜಗಳಾನ ತೆಗೀತಿದ್ರು!" ಎಂದರು.

ಡ್ರೋನಿನವನು ದಿಬ್ಬದ ಮೇಲಷ್ಟೇ ಹಾರಿಸುತ್ತೇನೆಂದ, ಅಗ್ಗವಾಗಿಯೇ. ಅಷ್ಟರಲ್ಲಿ ಮಂಜು ಕವಿಯಿತು. ಅವನು ನಮ್ಮ ಲಂಕಾ ಪೇಟೆಯಲ್ಲಿ ಕಚೌರಿ ತಿನ್ನುತ್ತ ಕೂತ ದಿನಗಳಿಗೂ ಬಾಡಿಗೆ ಏರತೊಡಗಿತು. ಉಪಗ್ರಹದವರೋ, ಮಂಜು ಮುಚ್ಚಿದ ಚಿತ್ರಕ್ಕೆ ಹಣ ಕೇಳುವುದಿಲ್ಲ; ತೆರವಾದಾಗ ಮತ್ತೆ ತೆಗೆಯುತ್ತಾರೆ. ಹಾಗಾದರೆ ನಿಜವಾಗಿ ಯಾವುದು ಅಗ್ಗ? ನೀವಿದ್ದಿದ್ದರೆ... ಕೊನೆಗೆ ಡ್ರೋನಿನವನನ್ನು ಕಳಿಸಿ, ಇಡೀ ಬುಟ್ಟಿಯನ್ನೇ ಕೊಂಡೆ.

ಚಿತ್ರ ಬಂದಾಗ ಮೊದಲು ನೋಡಿದ್ದು ಕಾಕಿಯ ಜಾಗವನ್ನು. ಅಲ್ಲಿ ಬರೀ ನೀರು. ಬೇಡದಿದ್ದರೂ ಕೊಂಡ ಭಾಗದಲ್ಲಿ ಏನಿದೆಯೋ ಎಂಬ ಕುತೂಹಲದಿಂದ ಹೊಳೆಯ ಗುಂಟ ಇಳಿಯುತ್ತ ಹೋದೆ. ರಾಜಘಾಟ್ ಸೇತುವೆ ದಾಟಿ ಬಹಳ ಕೆಳಗೆ, ದೋಣಿಗಳು ಅಷ್ಟಾಗಿ ಹೋಗದ ಕವಲಿನ ಹಿಂದೆ, ಬೆಳ್ಳನೆಯ ಹೊಸ ಮರಳು! ಡ್ರೋನ್ ಅಲ್ಲಿಗೆ ಹಾರುತ್ತಲೇ ಇರಲಿಲ್ಲ ಮಾಮಾ. ಮರುದಿನ ಮಂಜು ಕರಗಿದ ಮೇಲೆ ಕಾಕಿಯನ್ನು ಕರೆದುಕೊಂಡು ಹೋದೆ. ಮೊಣಕೈವರೆಗೆ ಮರಳಿನೊಳಗೆ ಕೈ ತೂರಿಸಿ, "ಒಳಗೆ ತಂಪಿದೆ" ಎಂದಳು. ಅಲ್ಲೇ ಬೀಜಕ್ಕೆ ಗುಂಡಿ ತೋಡಲು ಕೂತಳು.

ನೀವು ಕೇಳದ ಸುದ್ದಿ ಇದು: ಬಳ್ಳಿ ಹಬ್ಬಿ ಹೂ ಬಿಟ್ಟಿದೆ. ನಕಾಶೆಯಲ್ಲಿ ಆ ದಿಬ್ಬಕ್ಕೆ ಏನು ಹೆಸರು ಬರೆಯಲಿ ಎಂದು ಕಾಕಿಯನ್ನು ಕೇಳಿದೆ. ಅವಳು ಹೊಳೆಯ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು: "ಹೆಸರು ಗಿಸರು ಬೇಡ ಬಬುವಾ. ಮೈಯಾಗೆ ಕೇಳಿಸಿದ್ರೆ ವಾಪಸ್ ಒಯ್ತಾಳೆ."

ಖಾಲಿ ಬಿಟ್ಟಿದ್ದೇನೆ, ಮಾಮಾ.