ಹಲಗೆಯ ಮೇಲೆ ನಿಂತ ಗಾಡಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.

ಮತ್ತೆ ಅಳೆದೆ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎಡಗಡೆ ಹತ್ತೊಂಬತ್ತೂವರೆ ಇಂಚು. ಬಲಗಡೆಯೂ ಅಷ್ಟೇ. ನಿನ್ನೆಯೂ ಅಷ್ಟೇ. ಪಿಕಪ್ಪು ರಾತ್ರೋರಾತ್ರಿ ಬೆಳೆಯುವ ಜಾತಿಯದಲ್ಲ, ಗೊತ್ತು. ಆದರೂ ಟೇಪು ಹಿಡಿಯದೆ ಕಾಫಿ ಇಳಿಯುವುದಿಲ್ಲ.

ಊರಿನ ಹೆಸರೇ ಲೆವೆಲ್‌ಲ್ಯಾಂಡ್. ಟೆಕ್ಸಾಸಿನ ಈ ಮೂಲೆಯಲ್ಲಿ ಎದ್ದು ನಿಂತದ್ದೆಂದರೆ ಹತ್ತಿ ಜಿನ್ನು, ನೀರಿನ ಟ್ಯಾಂಕು, ಮತ್ತು ಪಕ್ಕದ ಮನೆಯ ಡಾಯ್ಲ್ ಹ್ಯಾಚನ ಮೂಗು. ಅವನದು ನಾಲ್ಕೂ ಚಕ್ರ ಎಳೆಯುವ ಟ್ರಕ್ಕು. ನನ್ನದರಲ್ಲಿ ಹಿಂದಿನ ಎರಡು ಮಾತ್ರ ದುಡಿಯುತ್ತವೆ, ಮುಂದಿನವು ನಮ್ಮ ಕಾಲೇಜಿನ ಆಡಳಿತ ಮಂಡಳಿಯಂತೆ ಸುಮ್ಮನೆ ಜೊತೆಗೆ ಉರುಳುತ್ತವೆ. ಡಾಯ್ಲ್ ಬೇಲಿಗೆ ಒರಗಿ ಶುರು ಮಾಡಿದ:

"ಏನ್ ಮೇಷ್ಟ್ರೇ, ಗಾಡಿ ಎತ್ತರ ಮಾಡಿಸ್ತೀರಂತೆ? ಕೋಳಿಗೆ ಬೂಟು ಹಾಕ್ಸಿದ್ರೆ ಕುದುರೆ ಆಗುತ್ತಾ?"

"ಕುದುರೆ ಆಗೋದು ಬೇಡ ಕಣಯ್ಯಾ. ಹೊಟ್ಟೆ ತರಚದಿದ್ರೆ ಸಾಕು."

ಸುಳ್ಳೇನಲ್ಲ. ಮನೆಗೆ ಬರುವ ಮಣ್ಣುರಸ್ತೆಯ ನಡುವಿನ ದಿಬ್ಬ ಗಾಡಿಯ ಹೊಟ್ಟೆಯನ್ನು ತುರಿಯುತ್ತದೆ. ಕಾರು ಮಾರಿದ ಮೇಲೆ ನನಗೂ ಹೆಂಡತಿ ವರ್ಲೀನಳಿಗೂ ಇದೊಂದೇ ಗಾಡಿ. ಆದರೆ ನಿಜ — ಈ ಡೈರಿಯನ್ನು ಯಾರೂ ಓದುವುದಿಲ್ಲವಲ್ಲ — ಮೂವತ್ತೊಂದು ವರ್ಷ ಭಾಷಣಕಲೆ ಕಲಿಸಿದೆ. ಸಿಗ್ನಲ್ಲಿನಲ್ಲಿ ನನ್ನ ವಿದ್ಯಾರ್ಥಿಗಳ ಟ್ರಕ್ಕುಗಳು ಪಕ್ಕಕ್ಕೆ ನಿಂತರೆ ನನಗೆ ಕಾಣುವುದು ಅವರ ಬಾಗಿಲ ಹಿಡಿ. ನಿವೃತ್ತಿಯಲ್ಲಾದರೂ ಒಮ್ಮೆ ಮೇಲಿನಿಂದ ಕೆಳಗೆ ನೋಡಬೇಕು.

ಗಾಡಿ ಎತ್ತರಿಸಲು ದಾರಿ ಮೂರು. ಸ್ಪ್ರಿಂಗಿನ ತಲೆಯ ಮೇಲೆ ಬಿಲ್ಲೆ ಇಟ್ಟು ಎರಡೂವರೆ ಇಂಚು — ಅಗ್ಗ, ಆದರೆ ಕುಲುಕಾಟ. ಚಕ್ರ ಕೂರುವ ಸ್ಪಿಂಡಲ್ಲನ್ನೇ ಬದಲಿಸಿ ನಾಲ್ಕು ಇಂಚು — ಸ್ಪ್ರಿಂಗಿನ ನಡೆ ಹಾಗೇ ಉಳಿಯುತ್ತದೆ. ಎಲ್ಲ ಬಿಚ್ಚಿ ಆರು ಇಂಚು — ಅದು ಮೀಸೆ ಚಿಗುರುವ ವಯಸ್ಸಿನವರಿಗೆ. ಶಾಕ್ ಅಬ್ಸಾರ್ಬರಿನ ಬೆಲೆ ಕೇಳಿ ಆದ ಶಾಕನ್ನು ಹೀರುವ ಅಬ್ಸಾರ್ಬರನ್ನು ಯಾರೂ ಮಾರುವುದಿಲ್ಲ.


ಮಾರ್ಚ್ 5, ಬುಧವಾರ.

ರಿಗೋ ಸಾಲ್ಸಿದೊನ ಶಾಪು. ನನ್ನ ಹಳೆಯ ವಿದ್ಯಾರ್ಥಿ. ಭಾಷಣಕಲೆಯಲ್ಲಿ ಸಿ ಗ್ರೇಡು. ಬಾಯಿ ಬಿಟ್ಟರಲ್ಲವೇ ಮಾರ್ಕು ಕೊಡುವುದು. ಇವತ್ತೂ ನನ್ನ ಮೂರು ದಾರಿಗಳ ಉಪನ್ಯಾಸವನ್ನು ಮೌನವಾಗಿ ಕೇಳಿದ. ಸ್ಪಿಂಡಲ್, ನಾಲ್ಕು ಇಂಚು ಎಂದೆ. ಪಕ್ಕದ ಸೀಟಿನಲ್ಲಿ ಯಾರು ಹೆಚ್ಚು ಕೂರುತ್ತಾರೆ ಎಂದು ಕೇಳಿದ. ಹೆಂಡತಿ ಎಂದೆ. ಬಹಳ ಹೊತ್ತು ಕೈ ಒರೆಸಿಕೊಂಡ.

ಅವನದೊಂದು ನೇಮವಿದೆಯಂತೆ. ಎಷ್ಟು ಎತ್ತರ ಬೇಕೋ ಅಷ್ಟು ದಪ್ಪಕ್ಕೆ ಹಲಗೆ ಜೋಡಿಸಿ, ನಾಲ್ಕೂ ಚಕ್ರ ಅದರ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಕೂರುವವರು ಮೂರು ಸಲ ಹತ್ತಿ ಇಳಿಯಬೇಕು.

"ಕಿಟ್ ಹಾಕ್ಸಿದ್ಮೇಲೆ ಮನೇವ್ರು ಹತ್ತಕ್ಕಾಗಲ್ಲ ಅಂತ ಎಷ್ಟೋ ಜನ ವಾಪಸ್ ಬಂದಿದಾರೆ, ಪ್ರೊಫೆ. ಹಲಗೆ ಪರೀಕ್ಷೆ ಆಗದೆ ನಾನು ಪಾನಾ ಮುಟ್ಟಲ್ಲ."

ಪ್ರೊಫೆಸರ್ ಎನ್ನುವುದನ್ನೂ ಪೂರ್ತಿ ಹೇಳದವನು ಜನ್ಮದಲ್ಲಿ ಆಡಿದ ಅತಿ ಉದ್ದದ ಭಾಷಣ. ಗ್ರೇಡು ತಿದ್ದಬೇಕು. ಸಾಮಾನು ಬರಲು ಮೂರು ವಾರವಂತೆ.


ಮಾರ್ಚ್ 8, ಶನಿವಾರ.

ವರ್ಲೀನಳಿಗೆ ಹೇಳಿದೆ. ಪದಬಂಧ ಬಿಡಿಸುತ್ತಿದ್ದಳು. ವಾದಕ್ಕೆ ಸಿದ್ಧನಾಗಿಯೇ ಹೋಗಿದ್ದೆ — ಪೀಠಿಕೆ, ಮೂರು ಅಂಶ, ಉಪಸಂಹಾರ. ತಲೆ ಎತ್ತದೆ "ಮಾಡ್ಸು" ಎಂದಳು. ಅಷ್ಟೇ. ನಲವತ್ತು ವರ್ಷದಲ್ಲಿ ಹೊಸ ಬಕೆಟ್ಟಿಗೂ ಆಕ್ಷೇಪ ಎತ್ತಿದವಳು! ಬೆಚ್ಚಿಬಿದ್ದೆ.

ಹಲಗೆಯ ವಿಷಯ ತೆಗೆದೆ. ನಾಳೆ ನೋಡೋಣ ಎಂದಳು.


ಮಾರ್ಚ್ 9, ಭಾನುವಾರ.

ಇವತ್ತೂ ಆಗಲಿಲ್ಲ. ಚರ್ಚಿಗೆ ಡಾಯ್ಲನ ಹೆಂಡತಿ ಓಪಲ್‌ಳ ತಗ್ಗು ಕಾರಿನಲ್ಲಿ ಹೋದಳು. ಕ್ವಾಯರಿನಲ್ಲಿ ಹಾಡುವವರು ಬೇಗ ಸೇರಬೇಕಂತೆ.

ಮಧ್ಯಾಹ್ನ ಊಟಕ್ಕೆ ಹೊರಟಾಗ ಎಂದಿನಂತೆ, "ಗಾಡಿ ವರಾಂಡದ ಮೆಟ್ಟಿಲ ಪಕ್ಕಕ್ಕೇ ತಾ." ಚಳಿಗಾಲದಿಂದ ಇದೇ ರಾಗ. ನಾನು ಸೀಟಿನಲ್ಲೇ ಕೂತು ಹೀಟರು ಹಾಕಬೇಕು, ಇವಳು ಮೆಟ್ಟಿಲಿಂದ ನೇರ ಸೀಟಿಗೆ ದಾಟಬೇಕು. "ಮಹಾರಾಣಿಯವರ ಪಲ್ಲಕ್ಕಿ ಬಂತು" ಎಂದೆ. ನಕ್ಕಳು.


ಮಾರ್ಚ್ 19, ಬುಧವಾರ. ಮಧ್ಯಾಹ್ನ.

ಹತ್ತು ದಿನ. ಒಂದು ದಿನ ಗಾಳಿ, ಒಂದು ದಿನ ಧೂಳು, ಒಂದು ದಿನ ಅವಳ ಸೊಂಟ ಹಿಡಿದಿತ್ತು. ಹಲಗೆಗಳು ಅಂಗಳದಲ್ಲೇ ಬಿದ್ದಿವೆ. ರಿಗೋಗೆ ಎರಡು ಸಲ ಫೋನು ಮಾಡಿದೆ, ಇನ್ನೂ ಬಂದಿಲ್ಲ ಎಂದ. ಇವತ್ತು ಹೇಳದೆ ಶಾಪಿಗೆ ಹೋದೆ.

ಕೌಂಟರಿನ ಹಿಂದಿನ ಶೆಲ್ಫಿನಲ್ಲಿ ಡಬ್ಬ. ಮೇಲೆ ಮಾರ್ಕರಿನಲ್ಲಿ ನನ್ನ ಹೆಸರು: ಥರ್ಮನ್ ಬೀಸ್ಲಿ. ಬಂದ ತಾರೀಕು ಮಾರ್ಚ್ 6.

ಮೂರು ವಾರ ಎಂದಿದ್ದ. ಮರುದಿನವೇ ಬಂದಿದೆ!

"ಹಲಗೆ ಪರೀಕ್ಷೆ ಆಯ್ತಾ, ಪ್ರೊಫೆ?"

ಇಲ್ಲ ಎಂದೆ.

"ಹಾಗಾದ್ರೆ ಸಾಮಾನು ಇನ್ನೂ ಬಂದಿಲ್ಲ."

ಅದೇ ಡಬ್ಬದ ಮುಂದೆ ನಿಂತು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ಮನೆಗೆ ಬಂದು ವರ್ಲೀನಳಿಗೆ, ನಾಳೆ ಬೆಳಿಗ್ಗೆ ಹತ್ತಲೇಬೇಕು ಎಂದೆ. ಹೂಂ ಅಂದಳು.


ಮಾರ್ಚ್ 20, ಗುರುವಾರ. ಬೆಳಿಗ್ಗೆ 9.40.

ಆದದ್ದನ್ನು ಆದಂತೆ ಬರೆಯಬೇಕು.

ಅಂಗಳದ ನಡುವೆ ಹಲಗೆ ಜೋಡಿಸಿದೆ. ಗಾಡಿ ಹತ್ತಿಸಿದೆ. ಚೆನ್ನಾಗಿ ಕಂಡಿತು, ಸುಳ್ಳೇಕೆ. ಪಕ್ಕದಲ್ಲಿ ನಿಂತ ವರ್ಲೀನಳಿಗೆ ಹೇಳಲು ಒಂದು ಭಾಷಣವೂ ಸಿದ್ಧವಿತ್ತು.

ಒಳಗಿನ ಹಿಡಿಕೆಯನ್ನು ಬಲಗೈಯಲ್ಲಿ ಹಿಡಿದಳು. ಎಡಗಾಲು ಮೊದಲು ಹೋಗಬೇಕು. ನೆಲದಿಂದ ಒಂದು ಗೇಣು ಎದ್ದಿತು, ನಿಂತಿತು. ಪ್ಯಾಂಟಿನ ಬಟ್ಟೆಯನ್ನು ಮೊಣಕಾಲ ಹತ್ತಿರ ಎಡಗೈಯಲ್ಲಿ ಹಿಡಿದು ಕಾಲನ್ನು ಎತ್ತಿದಳು. ದನದ ಮೇವಿನ ಚೀಲ ಎತ್ತುವ ಹಾಗೆ. ಅವಳದೇ ಕಾಲನ್ನು. ಅರ್ಧಕ್ಕೆ ಬಂತು. ಜಾರಿತು.

ಹಲಗೆ ಜಾಸ್ತಿಯಾಯಿತು ಎಂದುಕೊಂಡೆ. ಗಾಡಿ ಕೆಳಗಿಳಿಸಿದೆ. ಇದ್ದ ಎತ್ತರ, ಹನ್ನೊಂದು ವರ್ಷದಿಂದ ಹತ್ತುತ್ತಿರುವ ಎತ್ತರ. ಈಗ ಹತ್ತು ಎಂದೆ.

ಅದೇ ಗೇಣು.

ನಾನು ವರಾಂಡದ ಮೆಟ್ಟಿಲ ಕಡೆ ನೋಡಿದೆ. ಅದರ ಎತ್ತರ ಗಾಡಿಯ ನೆಲಕ್ಕೆ ಸರಿಸಮ. ಕಾಲಿಂಚಿನ ವ್ಯತ್ಯಾಸ ಹುಡುಕುತ್ತ ದಿನಾ ಟೇಪು ಹಿಡಿದವನು ನಾನು.

ಯಾವಾಗಿನಿಂದ? ನವೆಂಬರಿನಿಂದ. ಡಾಕ್ಟರು? ತೋರಿಸಿಲ್ಲ. ಜನವರಿಯಲ್ಲಿ ಓಪಲ್ ಜೊತೆ ರಿಗೋನ ಶಾಪಿಗೆ ಹೋಗಿದ್ದಳಂತೆ. ಗಾಡಿಯನ್ನು ಎರಡು ಇಂಚು ಇಳಿಸುವುದಕ್ಕೆ ಏನು ಬೇಕು ಎಂದು ಕೇಳಲು. ಯಾರಿಗೂ ಹೇಳಬೇಡ ಎಂದು ರಿಗೋನಿಂದ ಮಾತು ತೆಗೆದುಕೊಂಡಿದ್ದಳು. ನನಗೆ ಹೇಳುವುದು ಹೇಗೆಂದು ಅವಳು ಯೋಚಿಸುತ್ತಿರುವಾಗಲೇ ನಾನು ನಾಲ್ಕು ಇಂಚು ಏರಿಸಲು ಹೋಗಿ ನಿಂತಿದ್ದೆ.

ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀನು ಜೋಕ್ ಮಾಡ್ತಿದ್ದೆ, ಥರ್ಮನ್. ಚೆನ್ನಾಗೇ ಮಾಡ್ತಿದ್ದೆ. ನಾನೂ ನಗ್ತಿದ್ದೆ. ಅಲ್ಲಿಗೆ ಮುಗೀತಿತ್ತು."

ಹಲಗೆಗಳನ್ನು ಎತ್ತಿ ಬೇಲಿಗೆ ಒರಗಿಸಿ ಬಂದೆ.


ಮಾರ್ಚ್ 27, ಗುರುವಾರ.

ಪಕ್ಕದ ದೊಡ್ಡ ಊರು ಲಬ್ಬಕ್ಕಿನಲ್ಲಿ ನರಗಳ ಡಾಕ್ಟರು. ಓಪಲ್‌ಳ ಕಾರಿನಲ್ಲಿ ಹೋದೆವು. ವರ್ಲೀನಳ ಕಾಲಿಗೆ ಸೂಜಿ ಚುಚ್ಚಿ ಪರದೆಯ ಮೇಲೆ ಏನೋ ಗೆರೆ ನೋಡಿದರು. ಆಮೇಲೆ ಕೈಗೂ ಚುಚ್ಚಿದರು. ಕೈಗೆ ಯಾಕೆ ಎಂದು ಕೇಳಿದೆ. ಎಲ್ಲ ಸೇರಿಸಿ ಮುಂದಿನ ಶುಕ್ರವಾರ ಫೋನು ಮಾಡುತ್ತಾರಂತೆ.

ದಾರಿಯಲ್ಲಿ ಮೂರು ಜೋಕು ಹೊಳೆದವು. ನುಂಗಿದೆ. ಒಂದಾದರೂ ಹೇಳು, ಹೆದರಿಕೆ ಆಗುತ್ತೆ ಎಂದಳು.


ಏಪ್ರಿಲ್ 2, ಬುಧವಾರ.

ಡಬ್ಬ ವಾಪಸು ಕಳಿಸು, ಇಳಿಸುವ ಕಿಟ್ಟು ಹಾಕು ಎಂದು ರಿಗೋಗೆ ಹೇಳಿದೆ. ಆಶ್ಚರ್ಯಪಡಲಿಲ್ಲ. ಎರಡೋ ನಾಲ್ಕೋ ಎಂದು ಮಾತ್ರ ಕೇಳಿದ.

ವ್ಯತ್ಯಾಸವನ್ನು ನನ್ನ ಮುಖ ನೋಡದೆ ವಿವರಿಸಿದ. ಕಾಲು ಈಗಿರುವ ಹಾಗೇ ಉಳಿಯುವುದಾದರೆ ಎರಡು ಇಂಚು, ಬದಿಗೊಂದು ಪಟ್ಟಿ ಮೆಟ್ಟಿಲು, ಸಾಕು. ಕಾಲಿನ ಶಕ್ತಿ ಮುಂದೆ ಇನ್ನೂ ಕುಂದುವುದಾದರೆ, ಗಾಲಿಕುರ್ಚಿಯಿಂದ ಸೀಟಿಗೆ ಜರುಗುವಂತಾಗಬೇಕಾದರೆ, ನಾಲ್ಕು.

"ಒಂದ್ಸಲ ಹಾಕಿದ್ದನ್ನ ಮತ್ತೆ ಬಿಚ್ಚೋದು ಬೇಡ, ಪ್ರೊಫೆ. ಡಾಕ್ಟ್ರು ಹೇಳ್ಲಿ. ಆಮೇಲೆ ನೀವು ಹೇಳಿ."

ಮನೆಗೆ ಬರುವಾಗ ಮಣ್ಣುರಸ್ತೆಯಲ್ಲಿ ಡಾಯ್ಲ್. ಟ್ರಾಕ್ಟರಿಗೆ ಬ್ಲೇಡು ಕಟ್ಟಿ ದಿಬ್ಬ ಕೆತ್ತುತ್ತಿದ್ದ. ತಗ್ಗಿದ ಗಾಡಿ ಓಡಾಡಬೇಕಲ್ಲ, ಓಪಲ್ ಹೇಳಿರಬೇಕು. ಅಣಕಿಸಲಿಲ್ಲ. ಟೋಪಿ ಮುಟ್ಟಿದ, ಅಷ್ಟೇ. ಅವನು ಅಣಕಿಸದಿದ್ದದ್ದೇ ಎದೆಗೆ ಹೊಡೆಯಿತು.


ಏಪ್ರಿಲ್ 4, ಶುಕ್ರವಾರ. ಬೆಳಿಗ್ಗೆ 10.20.

ಫೋನು ಬಂತು. ವರ್ಲೀನೇ ಎತ್ತಿದಳು. ನನಗೆ ಕೊಡಲಿಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ, ಸಿಂಕಿಗೆ ಒರಗಿ ನಿಂತಿದ್ದಾಳೆ. ನಾನು ಟೇಬಲ್ಲಿನಲ್ಲಿ. ರಿಗೋನ ಎರಡೋ ನಾಲ್ಕೋ ಲೆಕ್ಕ ಅವಳಿಗೆ ಮೊನ್ನೆಯೇ ಹೇಳಿದ್ದೇನೆ. ಕೈಗೊಂದು ಕೆಲಸ ಬೇಕೆಂದು ಬರೆಯುತ್ತಿದ್ದೇನೆ.

ಹೂಂ ಎನ್ನುತ್ತಿದ್ದಾಳೆ. ಹೂಂ.

ಸ್ಪೆಲ್ಲಿಂಗ್ ಹೇಳಿ ಎಂದಳು. ಬರೆದುಕೊಳ್ಳುತ್ತಿಲ್ಲ.

ಕೈಯೂನಾ ಎಂದು ಕೇಳಿದಳು.

ಆಮೇಲೆ ಫೋನನ್ನು ಅಂಗೈಯಿಂದ ಮುಚ್ಚಿ ಈ ಕಡೆ ತಿರುಗಿದಳು. ಧ್ವನಿ ಅಂಗಡಿಗೆ ಚೀಟಿ ಬರೆಸುವಾಗಿನದು.

"ರಿಗೋಗೆ ನಾಲ್ಕು ಅಂತ ಹೇಳು."

ಮತ್ತೆ ಫೋನಿಗೆ ತಿರುಗಿದಳು. ನಾಲ್ಕು. ಎರಡಲ್ಲ. ಸಿಂಕಿನ ಅಂಚು ಹಿಡಿದ ಬೆರಳುಗಳು ಸಡಿಲಾಗುತ್ತಿವೆ, ನಾನು ಎದ್ದು —