ನೀರಿನಲ್ಲಿ ಬೆಳೆದ ಸೊಪ್ಪು

ನನ್ನ ಅತ್ತೆಗೆ,

ನಿಮಗೆ ಓದಲು ಬರುತ್ತಿರಲಿಲ್ಲ. ಹೋದ ಮೇಲೆ ಅಲ್ಲಿ ಯಾರಾದರೂ ಕಲಿಸಿದ್ದರೆ ನನಗೆ ಗೊತ್ತಿಲ್ಲ. ನೀವು ಬೈದು, ನಾನು ಎದುರು ಮಾತಾಡಿ, ಬಾಗೇವಾಡಿಯ ಈ ಎರಡು ಕೋಣೆಯ ಮನೆ ಸದಾ ಗದ್ದಲದಿಂದ ತುಂಬಿರುತ್ತಿತ್ತು. ಈಗ ನಿಮ್ಮ ಮಗ ಅಂಗಡಿಗೆ ಹೋದರೆ ನನಗೆ ಜಗಳಕ್ಕೂ ಜನವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿಜಾಪುರದ ಡಾಕ್ಟರು ನಿಮ್ಮ ಹೊಟ್ಟೆಯ ಗಂಟು ನೋಡಿ, "ಮನಿಗೆ ಕರಕೊಂಡ ಹೋಗ್ರಿ, ಬೇಡಿದ್ದು ಕೊಡ್ರಿ" ಎಂದ ದಿನ ನೆನಪಿದೆಯೇ? ಬಸ್ಸಿನಲ್ಲಿ ನಿಮ್ಮ ಮಗ ಕಿಟಕಿಯ ಕಡೆ ಮುಖ ತಿರುಗಿಸಿ ಅಳುತ್ತಿದ್ದರು. ನೀವು ಮಾತ್ರ, "ಏ ಗಿರಿಜಾ, ಎಲ್ಲ್ಯಾರ ಹಕ್ಕರಕಿ ಸಿಗತೈತೇನ?" ಎಂದಿರಿ. ಬಾಯಿಗೆ ಯಾವ ರುಚಿಯೂ ಹತ್ತುತ್ತಿರಲಿಲ್ಲ. ಆ ಸೊಪ್ಪಿನ ಸಣ್ಣ ಕಹಿಯಾದರೂ ನಾಲಿಗೆಗೆ ತಿಳಿದೀತು, ಅದರ ಜೊತೆ ಅರ್ಧ ರೊಟ್ಟಿ ಗಂಟಲಿಗಿಳಿದೀತು ಎಂದು ನಿಮ್ಮ ಆಸೆ. ಆದರೆ ಹಕ್ಕರಕಿ ಹುಟ್ಟುವುದು ಚಳಿಗಾಲದಲ್ಲಿ, ಜೋಳದ ಸಾಲುಗಳ ನಡುವೆ. ಆಗ ನೆತ್ತಿ ಸುಡುವ ಬೇಸಿಗೆ. ಸಂತೆಯೆಲ್ಲ ತಿರುಗಿ ಬರಿಗೈಯಲ್ಲಿ ಬಂದೆ. ನಿಮ್ಮ ಹೊಲ ಇದ್ದಿದ್ದರೆ ಬಾವಿಯ ಹಸಿ ಬದುವಿನಲ್ಲಾದರೂ ಒಂದು ಹಿಡಿ... ಆದರೆ ಹೊಲ, ಬಾವಿ, ಊರು ಎಲ್ಲವೂ ಆಣೆಕಟ್ಟಿನ ಹಿನ್ನೀರಿನ ಕೆಳಗೆ ಹೋಗಿ ಎಷ್ಟೋ ಕಾಲವಾಗಿತ್ತು.

ನಿಮ್ಮ ಮಗ ತಮ್ಮ ಬೀಜದ ಅಂಗಡಿಯಿಂದ ಲೆಟ್ಯೂಸ್ ಬೀಜದ ಪ್ಯಾಕೀಟು ತಂದ ಸಂಜೆ ನೀವು ಹೊರಸಿನ ಮೇಲೆ ಎದ್ದು ಕೂತಿರಿ. "ಇದೂ ಹಕ್ಕರಕಿ ಕುಲದ್ದ ಅಂತ, ಎವ್ವಾ. ಹಸೀದ ತಿನ್ನೂದು. ಮಣ್ಣೂ ಬ್ಯಾಡ, ಬಿಸಲೂ ಬ್ಯಾಡ" ಎಂದರು ಅವರು. ಯಾವುದೋ ಮೇಳದಲ್ಲಿ ನೋಡಿ ಬಂದಿದ್ದರಂತೆ. ಥರ್ಮಾಕೋಲಿನ ಡಬ್ಬಿಯಲ್ಲಿ ಗೊಬ್ಬರ ಕರಗಿಸಿದ ನೀರು ತುಂಬಿದೆವು. ಮುಚ್ಚಳಕ್ಕೆ ತೂತು ಕೊರೆದು, ತಳ ತೂತು ಮಾಡಿದ ಚಹಾ ಕಪ್ಪುಗಳನ್ನು ಇಳಿಬಿಟ್ಟೆವು. ಕಪ್ಪಿನಲ್ಲಿ ತೆಂಗಿನ ನಾರು, ನಾರಿನಲ್ಲಿ ಬೀಜ. ಅಡುಗೆಮನೆಯ ಕಿಟಕಿಯ ಬೆಳಕಿಗೆ ಇಟ್ಟೆ. ನೀವು ನೋಡಿದ್ದೇ ಮುಖ ಗಂಟಿಕ್ಕಿದಿರಿ.

"ನೀರಾಗ ಬೆಳದದ್ದು ನಾ ತಿನ್ನಂಗಿಲ್ಲ. ನನ್ನ ಹೊಲಾ ನುಂಗಿದ್ದು ಸಾಕಾಗಿಲ್ಲೇನ ಆ ನೀರಿಗೆ?"

"ಇದು ಹೊಳಿ ನೀರಲ್ಲರಿ ಅತ್ತಿ, ನಳದ ನೀರು."

"ನಳಕ್ಕ ಎಲ್ಲಿಂದ ಬರತೈತಿ? ನಿಮ್ಮಪ್ಪನ ಮನಿಯಿಂದೇನು?"

ಏನು ಬಾಯಿ ನಿಮ್ಮದು! ಸಾವು ಹೊಸ್ತಿಲಲ್ಲಿ ಕೂತಿದ್ದಾಗಲೂ ನನ್ನ ತವರನ್ನು ಬಿಡಲಿಲ್ಲ.

ನಾನು ನನ್ನ ತಮ್ಮನ ಮದುವೆ ಮುಗಿಸಿ ಸಿಂದಗಿಯಿಂದ ಬಂದ ದಿನ ಕಿಟಕಿಯ ಬಳಿ ಡಬ್ಬಿಯೇ ಇರಲಿಲ್ಲ. ಮೊಳಕೆ ಕಂಡದ್ದೇ ನಿಮ್ಮ ಒಕ್ಕಲುತನದ ಕೈ ಸುಮ್ಮನಿರಲಿಲ್ಲ, ಅಲ್ಲವೇ? ಗೋಡೆ ಹಿಡಿದು ನಡೆಯುವವರು ಅದನ್ನು ದೇವರ ಮೂಲೆಗೆ ಎಳೆದುಕೊಂಡು ಹೋಗಿ, ಬುಟ್ಟಿ ಬೋರಲು ಹಾಕಿ, ಕುಂಕುಮ ಹಚ್ಚಿದ್ದಿರಿ. ದಸರೆಯಲ್ಲಿ ದೇವಿಯ ಮುಂದೆ ಕಾಳು ಹಾಕಿ ಕತ್ತಲಲ್ಲಿ ಬೆಳೆಸುವ ಘಟ್ಟದ ಹಾಗೆ. ಆ ಸಸಿ ಹಳದಿಯಾದಷ್ಟೂ ಮನೆಗೆ ಒಳ್ಳೆಯದು ಎಂದು ಬದುಕಿಡೀ ನಂಬಿದವರು ನೀವು. "ಹೆಂಗ ಬಂಗಾರದಂಗ ಬಂದಾವ ನೋಡ. ಇನ್ನ ನನ್ನ ಬ್ಯಾನಿ ಹೋಗತೈತಿ" ಎಂದು ಬುಟ್ಟಿ ಎತ್ತಿ ತೋರಿಸಿದಿರಿ. ಬೆಳಕಿಲ್ಲದೆ ಬಿಳಿಚಿ, ದಾರದಂತೆ ಉದ್ದವಾಗಿದ್ದ ಸಸಿಗಳು. ಎರಡೇ ದಿನದಲ್ಲಿ ಎಲ್ಲ ಮಲಗಿಬಿಟ್ಟವು. "ದೇವಿ ಒಲ್ಲೆ ಅಂದ್ಲು" ಎಂದು ನೀವು ಗೋಡೆಯ ಕಡೆ ಹೊರಳಿದಿರಿ. ದೇವಿಯ ತಪ್ಪಲ್ಲ, ಇದಕ್ಕೆ ಬೆಳಕು ಬೇಕಿತ್ತು ಎಂದು ಎಷ್ಟು ಹೇಳಿದರೂ ನೀವು ಕೇಳಬೇಕಲ್ಲ! ಅಂದಿನಿಂದ ಗಂಜಿಯನ್ನೂ ದೂಡಿದಿರಿ. ನನಗೆ ಸಿಟ್ಟು, ಸಂಕಟ ಎರಡೂ. ನಿಮ್ಮ ಹೊಟ್ಟೆಗೆ ಅರ್ಧ ರೊಟ್ಟಿ ಹೋಗಬೇಕು, ನನಗೆ ಬೇರೇನೂ ಬೇಡವಾಗಿತ್ತು.

ಮತ್ತೆ ಬೀಜ ಹಾಕಿದ ಮೇಲೆ ನಿಮ್ಮ ಹೊರಸನ್ನೇ ಕಿಟಕಿಯ ಬಳಿ ಎಳೆದೆ. ಸೆಕೆಗೆ ಡಬ್ಬಿಯ ಸುತ್ತ ಹಸಿ ಗೋಣಿಚೀಲ ಸುತ್ತಿದೆ. ಈ ಸಲ ಹಸಿರಾಗಿ ಬಂದವು. ಒಂದು ದಿನ ನಾನು ಮುಚ್ಚಳ ಎತ್ತಿ ಬೇರು ತೋರಿಸಿದೆ. ನೀರಿನಲ್ಲಿ ತೂಗುತ್ತಿದ್ದ ಬಿಳಿ ಬೇರನ್ನು ಬಹಳ ಹೊತ್ತು ನೋಡಿ, "ಪಾಪ, ಹಿಡಕೊಳ್ಳಾಕ ಏನೂ ಇಲ್ಲ ಇದಕ್ಕ" ಎಂದಿರಿ. ನಾನು ಹಿತ್ತಿಲ ಬಾಗಿಲಿಗೆ ಹೋಗಿ ಬಿಕ್ಕಿ ಅತ್ತುಬಿಟ್ಟೆ. ನಿಮಗೆ ಕೇಳಿಸಿತೇ?

ನಿಮ್ಮ ದನಿ ಪಿಸುಮಾತಿಗೆ ಇಳಿದ ದಿನ ಎಲೆಗಳು ಎರಡು ಬೆರಳಷ್ಟಿದ್ದವು. ಕತ್ತರಿ ಹಿಡಿದು ಬಂದೆ. ಮೆತ್ತಗೆ ಬಿಸಿ ರೊಟ್ಟಿ ಬಡಿದು ತಂದಿದ್ದೆ. ನೀವು ನನ್ನ ಕೈ ಹಿಡಿದಿರಿ. "ಬ್ಯಾಡವ್ವ, ಎಳೇವು ಅದಾವ. ಎಳೇದು ಕಿತ್ತ ಕೈ ಅಲ್ಲ ನಂದು. ಬಲೀಲಿ, ತಿಂತೇನಿ." ತಿನ್ನುತ್ತೇನೆ ಎಂದಿರಿ! ನೀರಿನ ಸೊಪ್ಪನ್ನು! ನಾನು ಸಂತೋಷದಿಂದ ಕತ್ತರಿ ಕೆಳಗಿಟ್ಟೆ. ಮರುದಿನ ಚಹಾ ಕುಡಿಸಲು ಎಬ್ಬಿಸಿದರೆ...

ನಿಮಗೆ ಮಣ್ಣು ಕೊಟ್ಟ ಮೂರನೆಯ ದಿನ ಎಡೆಗೆ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಮಾಡಿದೆ. ಆ ಎಲೆಗಳನ್ನೂ ಕತ್ತರಿಸಿ ಎಡೆಯ ಮೇಲಿಟ್ಟೆ. ಮುಳವಾಡದಿಂದ ಬಂದಿದ್ದ ನಿಮ್ಮ ತಂಗಿ, "ಇದ್ಯಾವ ಸೊಪ್ಪವಾ? ಅಕ್ಕ ಇದನ್ನ ಕಣ್ಣೆತ್ತಿ ನೋಡತಿದ್ದಿಲ್ಲ" ಎಂದರು. "ತಿಂತೇನಿ ಅಂದಿದ್ರು, ಇರಲಿ ಬಿಡ್ರಿ" ಎಂದೆ.

ನಿಮಗೆ ತಿಳಿಯದ ಸುದ್ದಿ ಇನ್ನೊಂದಿದೆ. ಯಾರಿಗೂ ಹೇಳಿಲ್ಲ, ನಿಮ್ಮ ಮಗನಿಗೂ. ಎಲ್ಲರೂ ಹೋದ ಮೇಲೆ ಉಳಿದಿದ್ದ ಒಂದೆಲೆಯನ್ನು ರೊಟ್ಟಿಗೆ ಸುತ್ತಿ ಬಾಯಿಗೆ ಹಾಕಿಕೊಂಡೆ. ಕಣ್ಣು ಮುಚ್ಚಿ ಅಗಿದೆ, ನಿಮ್ಮ ನಾಲಿಗೆ ಬಯಸಿದ ಆ ಸಣ್ಣ ಕಹಿಯನ್ನು ಹುಡುಕಿದೆ. ಕಹಿ ಇರಲಿಲ್ಲ, ಅತ್ತೆ. ಚೂರೂ ಇರಲಿಲ್ಲ. ಬರೀ ನೀರಿನ ರುಚಿ.

ನಿಮ್ಮ ಸೊಸೆ,
ಗಿರಿಜಾ